ಕೆಂಪು ಟೋಪಿಯ ವಿಡಿಯೋ

"ಆಕ್ಷನ್ ಅಂದೆನಲ್ಲ ಚಿಕ್ಕಮ್ಮ, ಶುರು ಮಾಡು!"

ಸ್ಫೂರ್ತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡದೆ ನಿಂತಳು. ಎದುರಿಗೆ ಕುರ್ಚಿಯಲ್ಲಿ ಸುಮನಾ ಚಿಕ್ಕಮ್ಮ. ಇಸ್ತ್ರಿ ಮಾಡಿದ ಹಸಿರು ಕಾಟನ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೂತಿದ್ದಳು. ತೊಡೆಯ ಮೇಲೆ ಅವಳೇ ಹೊಲಿದ ಕೆಂಪು ಟೋಪಿ.

"ನಮಸ್ಕಾರ. ನಾನು ಸುಮನಾ. ಇದು ನಾನು ಹೊಲಿಯೋ ಬಿಸಿಲಿನ ಟೋ... ಟೋ..."

"ಟೋಪಿ!" ಫೋನಿನ ಹಿಂದಿನಿಂದ ಸ್ಫೂರ್ತಿ ಹೇಳಿಬಿಟ್ಟಳು.

ಚಿಕ್ಕಮ್ಮ ನಕ್ಕಳು. "ಗೊತ್ತು ಕಣೇ ಮಾರಾಯ್ತಿ. ನಾನೇ ಹೇಳ್ತೀನಿ, ಸ್ವಲ್ಪ ತಡಿ."

ಚಿಕ್ಕಮ್ಮನಿಗೆ ಚಿಕ್ಕಂದಿನಿಂದಲೂ ಮಾತು ತಡೆದು ತಡೆದು ಬರುತ್ತದೆ. ಕೆಲವು ಪದಗಳು ಸಲೀಸಾಗಿ ಬರುತ್ತವೆ, ಕೆಲವು ಗಂಟಲಲ್ಲೇ ಕೂತುಬಿಡುತ್ತವೆ. ಮನೆಯವರೆಲ್ಲರಿಗೂ ಅದು ಅಭ್ಯಾಸವಾಗಿತ್ತು. ಪದ ಸಿಕ್ಕಿಕೊಂಡ ಕೂಡಲೇ ಯಾರಾದರೊಬ್ಬರು ಅದನ್ನು ಹೇಳಿ ಮುಗಿಸುತ್ತಿದ್ದರು.

ಸ್ಫೂರ್ತಿಯ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಐದನೇ ಕ್ಲಾಸು ಮುಗಿಸಿ ರಜೆಗೆಂದು ಭದ್ರಾವತಿಯ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಬಂದವಳಿಗೆ ಮೊದಲು ಕಂಡದ್ದು ಟೋಪಿಗಳು. ಎರಡು ಪದರದ ಕಾಟನ್ ಬಟ್ಟೆ, ಒಳಗೆ ಬೆವರು ಹೀರುವ ಮೆತ್ತನೆಯ ಪಟ್ಟಿ, ಕುತ್ತಿಗೆಗೂ ನೆರಳು ಬೀಳುವಂಥ ಅಗಲದ ಅಂಚು. ಮಂಚದ ಮೇಲೆ, ಕಪಾಟಿನ ಮೇಲೆ, ಎಲ್ಲಿ ನೋಡಿದರೂ ಟೋಪಿ. ಆದರೆ ಕೊಳ್ಳುವವರು ಮಾತ್ರ ಅಕ್ಕಪಕ್ಕದ ಮನೆಯವರಷ್ಟೇ.

"ಮಳೆ ಶುರುವಾದ್ರೆ ಇದನ್ನ ಯಾರೂ ಕೇಳಲ್ಲ ಪುಟ್ಟಿ," ಎಂದಿದ್ದಳು ಚಿಕ್ಕಮ್ಮ.

"ವಿಡಿಯೋ ಮಾಡೋಣ!" ಎಂದಿದ್ದು ಸ್ಫೂರ್ತಿಯೇ.

ಮೂರನೇ ಸಲಕ್ಕೆ ಚಿಕ್ಕಮ್ಮ ಎಲ್ಲವನ್ನೂ ಹೇಳಿ ಮುಗಿಸಿದಳು. ಅಲ್ಲಲ್ಲಿ ನಿಂತಳು, ಕಣ್ಣು ಮುಚ್ಚಿದಳು, ಮತ್ತೆ ಮುಂದುವರಿದಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಬ್ಬಾ, ಹೇಳಿದೆ ನೋಡು!" ಎಂದಳು. ಅವಳ ಮುಖ ಅರಳಿತ್ತು.

ಸಂಜೆ ಸ್ಫೂರ್ತಿ ವಿಡಿಯೋ ನೋಡುತ್ತ ಕೂತಳು. ಅದು ಮುಗಿಯುವುದೇ ಇಲ್ಲ! ಇಷ್ಟು ಉದ್ದ ಇದ್ದರೆ ಎಲ್ಲರೂ ಸ್ಕಿಪ್ ಮಾಡುತ್ತಾರೆ. ಇನ್ನೂ ಒಂದು ಚಿಂತೆಯಿತ್ತು. ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಯಾರೋ ಚಿಕ್ಕಮ್ಮನಂತೆಯೇ ಮಾತಾಡಿ ತೋರಿಸಿದ್ದರು. ಸಾಲಿನವರೆಲ್ಲ ನಕ್ಕಿದ್ದರು. ಚಿಕ್ಕಮ್ಮ ಎಲೆ ನೋಡುತ್ತ ಊಟ ಮಾಡಿದ್ದಳು.

ಸ್ಫೂರ್ತಿ ಕಟ್ ಮಾಡತೊಡಗಿದಳು. ಮೊದಲು ಸಿಕ್ಕಿಕೊಂಡ ಪದಗಳನ್ನು ತೆಗೆದಳು. ಆಮೇಲೆ ಉಳಿದ ಮಾತೆಲ್ಲ ತುಂಡು ತುಂಡಾಗಿ ಕೇಳಿಸಿತು, ಅದನ್ನೂ ತೆಗೆದಳು. ಮಾತಿಲ್ಲದೆ ಬಾಯಿ ಮಾತ್ರ ಆಡುವುದು ವಿಚಿತ್ರವಾಗಿ ಕಂಡಿತು. ಅದಕ್ಕೆ ಮುಖವನ್ನೂ ತೆಗೆದಳು. ಉಳಿದದ್ದು ಕೆಂಪು ಟೋಪಿ ಹಿಡಿದ ಎರಡು ಕೈ. ಅದಕ್ಕೆ ಒಂದು ಮ್ಯೂಸಿಕ್ ಹಾಕಿ, ಟೀವಿ ಜಾಹೀರಾತಿನವರ ಹಾಗೆ ತಾನೇ ಹೇಳಿದಳು:

"ಹಾಕಿದ್ರೆ ಬಿಸಿಲೇ ತಾಗಲ್ಲ! ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ! ಸುಮನಾ ಟೋಪಿ, ಸೂಪರ್ ಟೋಪಿ!"

ದುರ್ಗಿಗುಡಿಯಲ್ಲಿದ್ದ ಅಮ್ಮ ಅದನ್ನು ತನ್ನ ಗ್ರೂಪುಗಳಿಗೆಲ್ಲ ಕಳಿಸಿದಳು. ಮರುದಿನದಿಂದಲೇ ಫೋನು ಶುರು. "ಆ ಮಗು ಎಷ್ಟು ಚೆನ್ನಾಗಿ ಮಾತಾಡಿದೆ!" ಎಂದು ಎಲ್ಲರ ಹೊಗಳಿಕೆ. ಅಪ್ಪ ಬಂದು ಟೋಪಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದರು. ಕಪಾಟು ಅರ್ಧ ಖಾಲಿಯಾಯಿತು.

ಆ ದಿನವೇ ಚಿಕ್ಕಮ್ಮ ವಿಡಿಯೋ ನೋಡಿದ್ದು. ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದಳು.

"ನಾನು ಎಲ್ಲಿ?" ಎಂದಳು.

"ಇದೆಯಲ್ಲ ಚಿಕ್ಕಮ್ಮ, ನಿನ್ನ ಕೈ!"

"ಹ್ಞೂಂ. ಚೆನ್ನಾಗಿದೆ," ಎಂದು ಚಿಕ್ಕಮ್ಮ ಹೊಲಿಗೆ ಮೆಷಿನ್ ಮುಂದೆ ಹೋಗಿ ಕೂತಳು.

ಅಂದಿನಿಂದ ಯಾರ ಫೋನ್ ಬಂದರೂ, "ನೀನೇ ಮಾತಾಡು," ಎಂದು ಸ್ಫೂರ್ತಿಯ ಕೈಗೆ ಕೊಡತೊಡಗಿದಳು. ಮೊದಮೊದಲು ಸ್ಫೂರ್ತಿಗೆ ತಾನೇ ಮ್ಯಾನೇಜರ್ ಎನ್ನಿಸಿ ಖುಷಿಯಾಯಿತು. ಆಮೇಲೆ ಚಿಕ್ಕಮ್ಮ ಮನೆಯಲ್ಲೂ ಮಾತು ಕಡಿಮೆ ಮಾಡಿದ್ದಾಳೆ ಅನ್ನಿಸಿತು. ಉಪ್ಪಿಟ್ಟಿಗೆ ಉಪ್ಪು ಸಾಕಾ ಎಂದು ಕೇಳಿದರೆ ಬರೀ ತಲೆಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಮ್ಮ ಫೋನ್ ಮಾಡಿದಳು. ಅವಳ ಗಾಬರಿಯ ದನಿ ಸ್ಪೀಕರಿನಲ್ಲಿ ಮನೆಯೆಲ್ಲ ಕೇಳಿಸಿತು.

"ಸುಮೀ, ಇಲ್ಲಿ ಹೊಸಮನೆ ಬಡಾವಣೆ ಶಿವಮೂರ್ತಪ್ಪನವರು ತುಂಬಾ ಸಿಟ್ಟಾಗಿದಾರೆ ಕಣೇ. ಕೆಂಪು ಟೋಪಿ ಬಣ್ಣ ಬಿಟ್ಟು ಬಟ್ಟೆಯೆಲ್ಲ ಹಾಳಾಯ್ತಂತೆ. ಪಾರ್ಕಿಗೆ ವಾಕಿಂಗ್ ಬರೋರಿಗೆಲ್ಲ ಇದು ಮೋಸದ ಟೋಪಿ, ತಗೋಬೇಡಿ ಅಂತ ಹೇಳ್ತೀನಿ ಅಂದ್ರು!"

ಚಿಕ್ಕಮ್ಮ ಮೆಷಿನ್ ನಿಲ್ಲಿಸಿದಳು. ಸೀರೆ ಬದಲಿಸಿ ಬಂದು, "ನಡಿ, ಹೋಗಿ ಬರೋಣ," ಎಂದಳು. ಕೈಯಲ್ಲಿ ಒಂದು ನೀಲಿ ಟೋಪಿಯಿತ್ತು.

ಶಿವಮೊಗ್ಗದ ಬಸ್ಸು ಮಲವಗೊಪ್ಪ ದಾಟಿತು. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಚಿಕ್ಕಮ್ಮನ ತುಟಿ ಮೆಲ್ಲಗೆ ಆಡುತ್ತಿತ್ತು. ಅಲ್ಲಿ ಹೇಳಬೇಕಾದದ್ದನ್ನು ಅವಳು ಈಗಲೇ ಹೇಳಿ ನೋಡುತ್ತಿದ್ದಳು.

ಹೊಸಮನೆಯಲ್ಲಿ ಬಾಗಿಲು ತೆರೆದದ್ದು ಶಿವಮೂರ್ತಪ್ಪನವರೇ. ಅವರ ಶರ್ಟು ಗುಲಾಬಿ ಬಣ್ಣದ್ದಾಗಿತ್ತು. ಹಿಂದೆ ಹಗ್ಗದ ಮೇಲೆ ಗುಲಾಬಿ ಪಂಚೆ, ಗುಲಾಬಿ ಟವೆಲ್, ಎರಡು ಗುಲಾಬಿ ಬನಿಯನ್. ಸ್ಫೂರ್ತಿಗೆ ನಗು ಬಂತು. ಅವರ ಮುಖ ನೋಡಿದಾಗ ಅದು ಹಾಗೇ ಹೋಯಿತು.

"ಇದೆಲ್ಲ ಬಿಳೀದು ಕಣಮ್ಮಾ! ಬಣ್ಣ ಹೋಗಲ್ಲ ಅಂತ ಹೇಳಿ ಕೊಡೋದು, ಆಮೇಲೆ ಹೀಗಾ?"

"ಕೆಂಪು ಬ... ಬ..." ಎಂದಳು ಚಿಕ್ಕಮ್ಮ.

"ಏನು? ಬೇರೆ ಕೊಡ್ತೀರಾ?"

ಚಿಕ್ಕಮ್ಮ ಅಲ್ಲವೆಂದು ತಲೆಯಾಡಿಸಿದಳು. "ಬ..."

"ಬದಲಾಯಿಸ್ತೀರಾ? ಬೇಗ ಹೇಳಮ್ಮ!"

"ಬಣ್ಣ! ಬಣ್ಣ ಅಂತಿದಾಳೆ!" ಎಂದಳು ಸ್ಫೂರ್ತಿ.

ಚಿಕ್ಕಮ್ಮ ಬಾಯಿ ಮುಚ್ಚಿದಳು. ನೆಲ ನೋಡಿದಳು. ಸ್ಫೂರ್ತಿ ಆ ಮುಖ ನೋಡಿದಳು. ವಿಡಿಯೋ ನೋಡಿ "ಚೆನ್ನಾಗಿದೆ" ಎಂದಾಗಲೂ ಅದು ಹೀಗೇ ಇತ್ತು.

ಒಳಗಿನಿಂದ ಶಿವಮೂರ್ತಪ್ಪನವರ ಹೆಂಡತಿ ಉಮಾಮಹೇಶ್ವರಿ ಬಂದರು. "ಏನ್ರೀ ಇದು, ಬಾಗಿಲಲ್ಲೇ ನಿಲ್ಲಿಸಿದೀರಾ? ಬನ್ನಿ ಕೂತ್ಕೊಳ್ಳಿ. ಮೊದಲು ಮಜ್ಜಿಗೆ ಕುಡೀರಿ. ಮಾತೇನು ಓಡಿಹೋಗುತ್ತಾ?"

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ ಮೇಲೆ ಚಿಕ್ಕಮ್ಮ ಶುರು ಮಾಡಿದಳು. ಮಾತಿನ ಮಧ್ಯೆ ಮೂರು ಕಡೆ ತಡೆದಳು. ಉಮಾಮಹೇಶ್ವರಿಯವರು ಗಂಡನ ಮೊಣಕೈ ಹಿಡಿದು ಸುಮ್ಮನೆ ಕೂರಿಸಿದ್ದರು.

"ಕೆಂಪು ಬಟ್ಟೆ ಮೊದಲ ಸಲ ಬಣ್ಣ ಬಿಡುತ್ತೆ. ಅದನ್ನ ಉಪ್ಪು ನೀರಲ್ಲಿ ನೆನೆಸಿ, ಬೇರೆಯಾಗಿ ಒಗೀಬೇಕು. ಆಮೇಲೆ ತೊಂದರೆ ಇಲ್ಲ. ನಾನು ವಿಡಿಯೋದಲ್ಲಿ ಹೇಳಿದ್ದೆ. ನೀವು ನೋಡಿದ್ದರಲ್ಲಿ ಅದು ಇಲ್ಲ."

ಸ್ಫೂರ್ತಿ ಎದ್ದು ನಿಂತಳು. ಯಾಕೆ ನಿಂತಳೋ ಅವಳಿಗೇ ತಿಳಿಯಲಿಲ್ಲ.

"ನಾನೇ ತೆಗೆದೆ ತಾತ. ಬಣ್ಣ ಹೋಗಲ್ಲ ಅಂದಿದ್ದೂ ನಾನೇ. ಚಿಕ್ಕಮ್ಮ ಹಾಗೆ ಹೇಳೇ ಇಲ್ಲ."

"ಯಾಕಮ್ಮಾ?"

"ಉದ್ದ ಆಗಿತ್ತು... ಆಮೇಲೆ, ಯಾರಾದ್ರೂ ನಕ್ಕರೆ ಅಂತ."

ಶಿವಮೂರ್ತಪ್ಪನವರು ತಮ್ಮ ಶರ್ಟಿನ ತೋಳು ನೋಡಿಕೊಂಡರು.

"ಉದ್ದ ಇದ್ರೆ ಏನು? ಪಾರ್ಕಿಗೆ ಬರೋರೆಲ್ಲ ನನ್ನ ಹಾಗೆ ರಿಟೈರ್ ಆದೋರು. ನಮಗೆ ಟೈಮೇ ಟೈಮು. ಉದ್ದದ್ದನ್ನೇ ಕಳಿಸು."

"ಹ್ಞೂಂ, ಈಗಲೇ..." ಎಂದ ಸ್ಫೂರ್ತಿ ಅಲ್ಲೇ ತಡೆದಳು. ಚಿಕ್ಕಮ್ಮನ ಕಡೆ ತಿರುಗಿ ಕೇಳಿದಳು, "ಕಳಿಸ್ಲಾ ಚಿಕ್ಕಮ್ಮ?"

ಚಿಕ್ಕಮ್ಮ ಯೋಚಿಸಿದಳು. "ಬೇಡ," ಎಂದಳು. "ಇನ್ನೊಂದು ಮಾಡಿ ಕಳಿಸ್ತೀನಿ."

ಅವಳು ನೀಲಿ ಟೋಪಿ ಮುಂದೆ ಹಿಡಿದರೆ ಶಿವಮೂರ್ತಪ್ಪನವರು ತೆಗೆದುಕೊಳ್ಳಲಿಲ್ಲ. "ಈ ಶರ್ಟಿಗೆ ಕೆಂಪು ಟೋಪೀನೇ ಮ್ಯಾಚ್ ಆಗೋದು," ಎಂದರು. ಈಗ ಎಲ್ಲರೂ ನಕ್ಕರು, ಚಿಕ್ಕಮ್ಮನೂ.

ಹಿಂದಿರುಗುವ ಬಸ್ಸು ಹತ್ತಿ ಕೂತ ಮೇಲೆ ಸ್ಫೂರ್ತಿ ಮೆಲ್ಲಗೆ ಕೇಳಿದಳು. "ನನ್ನ ಮೇಲೆ ಸಿಟ್ಟಾ?"

ಚಿಕ್ಕಮ್ಮ ಅವಳ ಕಡೆ ತಿರುಗಿದಳು. "ನಗೋರು ನಕ್ಕು ಸುಮ್ಮನಾಗ್ತಾರೆ ಪುಟ್ಟಿ. ನೀನು ನನ್ನನ್ನೇ ತೆಗೆದು ಹಾಕಿದ್ಯಲ್ಲ."

ಸ್ಫೂರ್ತಿ ಅವಳ ತೋಳಿಗೆ ಒರಗಿದಳು. ಚಿಕ್ಕಮ್ಮ ತೋಳು ಸರಿಸಲಿಲ್ಲ.

"ಎಲ್ಲಿಗಮ್ಮಾ?" ಕಂಡಕ್ಟರ್ ಬಂದ.

"ಭ... ಭ..."

ಹೇಳಬೇಕಾದ ಪದ ಸ್ಫೂರ್ತಿಯ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದಿನ ಸೀಟಿನವರು ಇಣುಕಿ ನೋಡಿದರು. ಕಂಡಕ್ಟರ್ ಸ್ಫೂರ್ತಿಯ ಕಡೆ ನೋಡಿದ. ಅವಳು ತುಟಿ ಬಿಗಿಹಿಡಿದು ಚಿಕ್ಕಮ್ಮನ ಮುಖವನ್ನೇ ನೋಡುತ್ತ ಕೂತಳು.

"ಭದ್ರಾವತಿ. ಎರಡು," ಎಂದಳು ಚಿಕ್ಕಮ್ಮ.

ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದ. ಅಷ್ಟೇ ಆದದ್ದು. ಕಾಯಬೇಕಾದದ್ದು ಇಷ್ಟೇ ಹೊತ್ತಾ, ಅನ್ನಿಸಿತು ಸ್ಫೂರ್ತಿಗೆ.