ಕದ್ದ ಕೊಬ್ಬಿನ ಗುರುತು

ಫ್ರೀಜರ್ ತೆರೆದ ಡಾ. ಕವನಳ ಕೈ ಅಲ್ಲೇ ನಿಂತಿತು. ಅವಳ ಹನ್ನೆರಡು ಸೀಸೆಗಳು ಇರಲಿಲ್ಲ.

ನಂಜನಗೂಡಿನ ಆ ಪ್ರಯೋಗಾಲಯದಲ್ಲಿ ಅವಳು ಎರಡು ವರ್ಷದಿಂದ ಕಾಳಾ ಅಜಾರ್ ಜ್ವರದ ಪರಾವಲಂಬಿ ಜೀವಿಯನ್ನು ಬೆಳೆಸುತ್ತಿದ್ದಳು. ಆ ಜೀವಿಗೆ ಎರಡು ಹಂತ. ಒಂದು ಮರಳುನೊಣದ ಹೊಟ್ಟೆಯಲ್ಲಿ, ಇನ್ನೊಂದು ಮನುಷ್ಯನ ಜೀವಕೋಶದೊಳಗೆ. ಎರಡನೆಯದನ್ನು ಬೆಳೆಸುವುದು ಬಲು ಕಷ್ಟ. ಅದರಿಂದ ತೆಗೆದ ಕೊಬ್ಬಿನ ಸಾರ ಆ ಸೀಸೆಗಳಲ್ಲಿತ್ತು.

ಸಬ್ ಇನ್ಸ್‌ಪೆಕ್ಟರ್ ಮಂಗಳಗೌರಿ ಬಂದರು. ಹಿರಿಯ ವಿಜ್ಞಾನಿ ಸೋಮಶೇಖರ್ ತಡಮಾಡಲಿಲ್ಲ.

"ಬೀಗದಕೈ ವಾಚ್‌ಮನ್ ಚನ್ನಯ್ಯನ ಹತ್ರ ಇರುತ್ತೆ ಮೇಡಂ. ನಿನ್ನೆ ಐಸ್ ಡಬ್ಬಿ ಹಿಡ್ಕೊಂಡು ಬಸ್ ಹತ್ತಿದ."

ಚನ್ನಯ್ಯ ಕವನಳ ಅಪ್ಪ.

*

"ಡಬ್ಬೀಲಿ ಏನಿತ್ತು?" ಮಂಗಳಗೌರಿ ಚನ್ನಯ್ಯನನ್ನು ಕೇಳಿದರು.

"ನಮ್ಮಕ್ಕ ಸಾಕಮ್ಮಂದು ಸಕ್ಕರೆ ಕಾಯ್ಲೆ ಇಂಜೆಕ್ಸನ್ನು, ಮೇಡಮ್ಮೋರೆ."

ತಿ. ನರಸೀಪುರದ ಸಾಕಮ್ಮನ ಮನೆಗೆ ಹೋದ ಪೊಲೀಸರಿಗೆ ಸಿಕ್ಕಿದ್ದು ಇನ್ಸುಲಿನ್ ಮಾತ್ರ.

"ದಾರೀಲೇ ಯಾರಿಗೋ ಕೊಟ್ಟಿರ್ತಾನೆ," ಎಂದರು ಸೋಮಶೇಖರ್.

ಚನ್ನಯ್ಯ ತಲೆ ತಗ್ಗಿಸಿದ. ಕವನ ಕೋಪ ನುಂಗಿಕೊಂಡು ಮಂಗಳಗೌರಿಯತ್ತ ತಿರುಗಿದಳು.

"ಮೇಡಂ, ಹೊರಗಿಟ್ರೆ ಆ ಸಾರ ಕೆಡುತ್ತೆ. ಅದರ ಬೆಲೆ ಗೊತ್ತಿರೋರು ಫ್ರೀಜರ್‌ನಲ್ಲೇ ಬಚ್ಚಿಡ್ತಾರೆ."

ಮಂಗಳಗೌರಿ ಫ್ರೀಜರಿನ ಪೆಟ್ಟಿಗೆಗಳನ್ನೆಲ್ಲ ತೆಗೆಸಿದರು. ಸೋಮಶೇಖರ್ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಸೀಸೆ. ಎಲ್ಲದರ ಮೇಲೂ 'ನೊಣದ ಹಂತ' ಎಂಬ ಚೀಟಿ.

"ಸರ್, ಹೋದ ವಾರ ನಿಮ್ಮ ವರದೀಲಿ ಹನ್ನೆರಡೇ ಇತ್ತಲ್ಲ?" ಎಂದಳು ಕವನ.

"ಇನ್ನೂ ಹನ್ನೆರಡು ಮಾಡಿದೆ. ತಪ್ಪಾ?"

ಸೀಸೆಗಳು ನೋಡಲು ಒಂದೇ ಥರ. ಸಾರದಲ್ಲಿ ಜೀವಿಯೇ ಉಳಿದಿಲ್ಲದ ಮೇಲೆ ಸೂಕ್ಷ್ಮದರ್ಶಕದಿಂದಲೂ ಪ್ರಯೋಜನವಿಲ್ಲ.

"ಪ್ರತಿ ಸೀಸೆಯಿಂದ ಒಂದೊಂದು ಹನಿ ಕೊಬ್ಬಿನ ಬಗೆ ಗುರುತಿಸೋ ಯಂತ್ರಕ್ಕೆ ಹಾಕೋಣ," ಎಂದಳು ಕವನ. ನಿರ್ದೇಶಕ ಅಮೃತೇಶ್ ಒಪ್ಪಿದರು.

*

ಮರುದಿನ ಫಲಿತಾಂಶ ಬಂತು. ಕವನ ಪರದೆ ತೋರಿಸಿದಳು.

"ಈ ಜೀವಿಯ ಪೊರೆ ಫಾಸ್ಫೋಲಿಪಿಡ್ ಅನ್ನೋ ಕೊಬ್ಬಿನದು. ಹಂತ ಬದಲಾದ ಹಾಗೆ ಅದರಲ್ಲಿರೋ ಬೇರೆ ಬೇರೆ ಕೊಬ್ಬಿನ ಪಾಲೂ ಬದಲಾಗುತ್ತೆ. ಸ್ಫಿಂಗೊಮೈಲಿನ್ ಅಂತ ಒಂದು ಕೊಬ್ಬಿದೆ. ಅದನ್ನ ಈ ಜೀವಿ ತಾನಾಗೇ ತಯಾರಿಸಲ್ಲ. ನೊಣದ ಹಂತದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಮನುಷ್ಯನ ಜೀವಕೋಶ ಹೊಕ್ಕ ಮೇಲೆ ಅಲ್ಲಿಂದ ಕದ್ದು ಸೇರಿಸ್ಕೊಳ್ಳುತ್ತೆ. ಹನ್ನೆರಡು ಸೀಸೇಲಿ ಅದು ಬೇಕಾದಷ್ಟಿದೆ. ಚೀಟಿ ಬದಲಾಯಿಸಬಹುದು ಸರ್, ಒಳಗಿರೋದನ್ನ ಬದಲಾಯಿಸೋಕಾಗಲ್ಲ."

ಸೋಮಶೇಖರ್ ಬೆವರು ಒರೆಸಿಕೊಂಡರು. ಮನುಷ್ಯನ ಹಂತವನ್ನು ಬೆಳೆಸಲು ಅವರು ಮೂರು ಸಲ ಸೋತಿದ್ದರು. ಮುಂದಿನ ತಿಂಗಳು ಬೇರೆ ಸಂಸ್ಥೆಗೆ ಹೊರಟಿದ್ದರು. ತಮ್ಮದೇ ಚೀಟಿ ಅಂಟಿಸಿ ಒಯ್ದರೆ ಯಾರೂ ತಡೆಯುವುದಿಲ್ಲ, ಅಲ್ಲಿ ಆ ಸಾಧನೆ ತಮ್ಮದಾಗುತ್ತದೆ ಎಂಬುದು ಅವರ ಲೆಕ್ಕ.

"ಇಂಥ ಕೆಲಸ ಒಬ್ಬ ವಾಚ್‌ಮನ್ ಮಗಳಿಂದ ಆಯ್ತು ಅಂದ್ರೆ ಯಾರು ನಂಬ್ತಾರೆ?" ಎಂದರು ಸೋಮಶೇಖರ್.

ಸೋಮಶೇಖರರನ್ನು ಜೀಪು ಹತ್ತಿಸಿದ ಮಂಗಳಗೌರಿ ಗೇಟಿನ ಬಳಿ ಹೇಳಿಕೆ ಬರೆದುಕೊಳ್ಳಲು ನಿಂತರು.

"ಪತ್ತೆ ಮಾಡಿದ್ದು ಕವನ ಅಂತ ಬರೀಲಾ ಚನ್ನಯ್ಯ?"

ಚನ್ನಯ್ಯ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತ.

"ಡಾಕ್ಟ್ರು ಕವನ ಅಂತ ಬರ್ಕೊಳಿ ಮೇಡಮ್ಮೋರೆ. ಚನ್ನಯ್ಯನ ಮಗಳು ಅಂತ್ಲೂ ಸೇರಿಸ್ಬುಡಿ."