ಖಂಡೇನವಮಿಯಂದು ಬಂದ ಒಪ್ಪಿಗೆ

ಅಕ್ಟೋಬರ್ ೧೪, ಮಂಗಳವಾರ, ಮಧ್ಯಾಹ್ನ. ಪೀರನವಾಡಿಯ ರಾಜಬೀ ಉದ್ಯಮಬಾಗ ಠಾಣೆಗೆ ಬಂದು ದೂರು ಕೊಟ್ಟಳು. ಆಕೆಯ ಗಂಡ ಗನಿ ಅಲ್ಲಿಯ ಫೌಂಡ್ರಿಯೊಂದರಲ್ಲಿ ಕೆಲಸಗಾರ. ಬೆಳಿಗ್ಗೆ ಕ್ರೇನಿನ ಸರಪಳಿ ಹರಿದು ಎರಕದ ಅಚ್ಚು ಅವನ ಕಾಲ ಮೇಲೆ ಬಿದ್ದಿತ್ತು.

"ಕಾಲು ಉಳಿತೈತೋ ಇಲ್ಲೋ ಡಾಕ್ಟರ್ ಹೇಳವಲ್ರು. ಆ ಸರಪಳಿ ಚಲೋ ಐತಿ ಅಂತ ಹೇಳಿದವ್ರು ಯಾರು, ಅದನ್ನ ಹುಡುಕ್ರಿ ಮೇಡಮ್."

ಇನ್ಸ್‌ಪೆಕ್ಟರ್ ಆಯೆಷಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಈರಯ್ಯನೊಡನೆ ಸ್ಥಳಕ್ಕೆ ಹೋದರು. ಪಂಚನಾಮೆ ಮುಗಿಸಿ ತುಂಡಾದ ಸರಪಳಿಯನ್ನು ಜಪ್ತಿ ಮಾಡಿದರು.

ಮಾಲೀಕನ ಬಳಿ ಉತ್ತರ ಸಿದ್ಧವಿತ್ತು. ಈ ವರ್ಷ ಕಾರ್ಖಾನೆಯ ಕೆಲಸವೆಲ್ಲ ಒಂದು ಕ್ಲೌಡ್ ಸಾಫ್ಟ್‌ವೇರ್ ಮೂಲಕ ನಡೆಯುತ್ತಿತ್ತು. ಕಾರ್ಖಾನೆ ತೆರೆದಿರುವ ದಿನ ಬೆಳಿಗ್ಗೆ ಸುರಕ್ಷತಾ ಮೇಲ್ವಿಚಾರಕಿ ಮಾಲಾಳ ಫೋನಿಗೆ ಪ್ರಶ್ನೆ ಬರುತ್ತದೆ. ಆಕೆ ಸರಪಳಿ ನೋಡಿ 'ಒಪ್ಪಿಗೆ' ಒತ್ತಿದ ಮೇಲೆಯೇ ಕ್ರೇನಿಗೆ ಆದೇಶ ಹೋಗುತ್ತದೆ. ಆ ಬೆಳಗಿನ ಒಪ್ಪಿಗೆ ಮಾಲಾಳ ಹೆಸರಿನಲ್ಲೇ ಇತ್ತು.

"ನಾ ಒತ್ತಿಲ್ರೀ," ಎಂದಳು ಮಾಲಾ. "ಕೊಂಡಿ ಸೀಳಿತ್ತು. ಬ್ಯಾರೆ ಸರಪಳಿ ತರಾಕ ಸ್ಟೋರಿಗೆ ಹೋದೆ. ಬರೂದ್ರಾಗ ಕ್ರೇನ್ ಮ್ಯಾಲೆದ್ದಿತ್ತು."

"ಎತ್ತಬ್ಯಾಡ್ರಿ ಅಂತ ಬಾಯಿಲೆ ಹೇಳಿದ್ರಿ?"

"ಇಲ್ರೀ. ನಾ ಒತ್ತದ ಅದು ಏಳಂಗಿಲ್ಲ ಅಂತ ನಂಬಿದ್ದೆ."

ಹೊರಗೆ ಬಂದ ಮೇಲೆ ಈರಯ್ಯ, "ಸಿಕ್ಕವ್ರೆಲ್ಲ ಹಿಂಗ ಅಂತಾರ್ರಿ. ಕರಕೊಂಡ ಹೋಗೂಣು," ಎಂದ.

"ತಡೀರಿ," ಎಂದರು ಆಯೆಷಾ. ಮಾಲಾ ತನ್ನನ್ನು ಏನು ಮಾಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ, ಗನಿಯ ಕಾಲನ್ನೇ ವಿಚಾರಿಸುತ್ತಿದ್ದಳು. ಅದು ಸಾಕ್ಷಿಯಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಹಿಂದಿನ ಒಪ್ಪಿಗೆಗಳನ್ನೂ ತರಿಸಿದರು. ಮುದ್ರಿಸಿ ಕೊಟ್ಟವಳು ಸಾಫ್ಟ್‌ವೇರ್ ನೋಡಿಕೊಳ್ಳುವ ಕಾಂತಾ. ಖಾನಾಪುರದಿಂದ ದಿನಾ ರೈಲಿನಲ್ಲಿ ಬರುವ, ಫೌಂಡ್ರಿ ಕಚೇರಿಯ ಹಳೆಯ ಉದ್ಯೋಗಿ.

ಒಂದೊಂದು ದಿನ ಒಂದೊಂದು ಹೊತ್ತಿನಲ್ಲಿ ಒಪ್ಪಿಗೆ ಬಿದ್ದಿತ್ತು. ಎರಡೇ ದಿನ ಮಾತ್ರ, ಪ್ರಶ್ನೆ ಬಂದು ಸರಿಯಾಗಿ ಕಾಲು ಗಂಟೆಗೆ. ಒಂದು, ಇವತ್ತು. ಇನ್ನೊಂದು, ಇದೇ ತಿಂಗಳ ಒಂದರಂದು.

"ಒಂದನೇ ತಾರೀಖು ಏನಿತ್ತು ಈರಯ್ಯ?"

"ಖಂಡೇನವಮಿ ಅಲ್ರೀ. ನಮ್ಮ ಜೀಪಿಗೆ ಕುಂಬಳಕಾಯಿ ಒಡದ್ವಿ. ನನ್ನ ಪಾಲಿನ ಪೇಢೆ ನೀವ ತಿಂದ್ರಿ."

ಆಯೆಷಾ ಮತ್ತೆ ಫೌಂಡ್ರಿಗೆ ಹೋದರು. ಆಯುಧಪೂಜೆಯ ಆ ದಿನ ಯಾರೂ ಹತಾರ ಮುಟ್ಟಿರಲಿಲ್ಲ. ಕ್ರೇನಿಗೆ ಹಾರ ಹಾಕಿ ನಿಲ್ಲಿಸಿದ್ದರು. ಪಾನಾ, ಸುತ್ತಿಗೆಗಳ ಬಾಜು ಮಾಲಾಳ ಫೋನೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಇತ್ತೆಂದು ಕೆಲಸಗಾರರೆಲ್ಲ ಹೇಳಿದರು. ಮುಟ್ಟದ ಫೋನಿನಿಂದ, ನಿಂತ ಕ್ರೇನಿಗೆ ಒಪ್ಪಿಗೆ ಹೋಗಿತ್ತು.

ಸಾಫ್ಟ್‌ವೇರ್ ಕಂಪನಿಗೆ ನೋಟಿಸ್ ಹೋಯಿತು. ಗುರುವಾರ ಉತ್ತರ ಬಂತು. ಮಾಲಾ ಕಾಲು ಗಂಟೆಯೊಳಗೆ ಒತ್ತದಿದ್ದರೆ ಆಕೆಯ ಹೆಸರಿನಲ್ಲಿ ತಾನಾಗಿಯೇ ಒಪ್ಪಿಗೆ ಹೋಗುವಂತೆ ಸೆಪ್ಟೆಂಬರ್ ಕೊನೆಗೆ ಯಾರೋ ನಿಯಮ ಬರೆದಿದ್ದರು. ಬರೆದದ್ದು ಕಾಂತಾಳ ಲಾಗಿನ್‌ನಿಂದ.

ಅವತ್ತು ಕಾಂತಾ ಕೆಲಸಕ್ಕೆ ಬಂದಿರಲಿಲ್ಲ. ಖಾನಾಪುರದ ಸ್ಟೇಶನ್ ಹಿಂದಿನ ಮನೆಯಲ್ಲಿ ಆಕೆಯೇ ಬಾಗಿಲು ತೆರೆದಳು.

"ಬರ್ರಿ, ಕುಂದರ್ರಿ."

"ಆ ನಿಯಮ ಹಾಕಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನ ಹಾಕೀನಿ."

"ಖಂಡೇನವಮಿ ದಿನ ಬಿಡಬೇಕಂತ ಹೊಳೀಲಿಲ್ಲ?"

"ನಾನೂ ಆರತಿ ಹಿಡಕೊಂಡ ನಿಂತಿದ್ದೆ. ಅದಕ್ಕ ಹಬ್ಬ ಗೊತ್ತಿಲ್ಲ ಅನ್ನೂದು ಮರತೆ."

"ಸರಪಳಿ ನೋಡದ ಒಪ್ಪಿಗಿ ಹೋದ್ರ ಏನಾಗತೈತಿ ಅಂತ?"

ಕಾಂತಾ ಕುರ್ಚಿ ಎಳೆದು ಕುಳಿತಳು. ಫೌಂಡ್ರಿಯ ಕಚೇರಿಯಲ್ಲಿ ವರ್ಷಗಟ್ಟಲೆ ಬೇರೆಯವರ ಕಾಗದ ಜೋಡಿಸಿದವಳು ಅವಳು. ಸಾಫ್ಟ್‌ವೇರ್ ಬೇಕೆಂದು ಹಟ ಹಿಡಿದು ತಂದದ್ದು ಅವಳದೇ ಎನ್ನಬಹುದಾದ ಮೊದಲ ಕೆಲಸ. ಒಪ್ಪಿಗೆ ತಡವಾಗಿ ಕೆಲಸ ನಿಂತಾಗಲೆಲ್ಲ ಗಂಡಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"'ಕಾಂತಕ್ಕನ ಡಬ್ಬಿ ಮಲಕೊಂತು' ಅಂತಿದ್ರು. ಆ ನಿಯಮ ಹಾಕಿದ ಮ್ಯಾಲೆ ಒಂದ ದಿನಾನೂ ಅನ್ನಲಿಲ್ಲ." ಆಮೇಲೆ, "ಗನಿ ಕಾಲು?" ಎಂದಳು.

"ಉಳಿತೈತಿ ಅಂತಾರ. ಮೊದಲಿನಂಗ ನಡಿಯಾಕ ಆಗಂಗಿಲ್ಲ."

ಸೂರ್ಯ ಮುಳುಗುವ ಮೊದಲೇ ಬಂಧನದ ಕಾಗದಕ್ಕೆ ಕಾಂತಾ ಸಹಿ ಮಾಡಿದಳು. ಕೇಸ್ ಡೈರಿಯಲ್ಲಿ ಆಯೆಷಾ, 'ಕೆಲಸ ನಿಲ್ಲಬಾರದೆಂದು' ಎಂದು ಕಾರಣ ಬರೆದರು. ಓದಿ ನೋಡಿ, ಅದನ್ನು ಹೊಡೆದುಹಾಕಿ, 'ಮತ್ತೆ ಯಾರೂ ನಗಬಾರದೆಂದು' ಎಂದು ಬರೆದರು.