ಟವೆಲ್ ಹಾಕಿ ಹಿಡಿದ ಸೀಟು

ಬಹಳ ಕಾಲದ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ತೇಲಾಪುರ ಎಂಬ ರಾಜ್ಯವಿತ್ತು. ಅಲ್ಲಿ ಮೋನೋರೈಲು ಇತ್ತು. ನಗಬೇಡಿ, ಇತ್ತು. ಮನೆಗಳ ಮೇಲೆ ಒಂದೇ ಹಳಿ, ಅದರ ಮೇಲೆ ಕೆರೆಹಾವಿನಂತೆ ಓಡುವ ಬಂಡಿ. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಇಡೀ ಪಟ್ಟಣ ಸುತ್ತಿ ಬರುತ್ತಿತ್ತು.

ಮದುವೆಯ ಬಳೆ ಕೊಳ್ಳಲು ಆ ಪಟ್ಟಣಕ್ಕೆ ಹೋದ ನೀಲವ್ವ ಹನ್ನೆರಡು ದಿನವಾದರೂ ಮನೆಗೆ ಬರಲಿಲ್ಲ. ನಾಳೆಯೇ ಮದುವೆ. ಅವಳ ಅಣ್ಣ ಬಸಲಿಂಗ ಹೆಗಲಿಗೆ ಟವೆಲ್ ಹಾಕಿಕೊಂಡು ಹುಡುಕಲು ಹೊರಟ.

ಪಟ್ಟಣದಲ್ಲಿ ಹೂವಿನ ಅಜ್ಜಿಯೊಬ್ಬಳು ಸಂಗತಿ ತಿಳಿಸಿದಳು. ರೈಲಿನ ಮುಂದಿನ ಸೀಟು ಯಾರದೋ, ರೈಲು ಅವರ ಮಾತು ಕೇಳುತ್ತದೆ. ಅದರಲ್ಲೀಗ ಧೂಮಕೇಶ ಎಂಬ ಮಾಂತ್ರಿಕ ಕೂತಿದ್ದಾನೆ. ಬಾಗಿಲು ತೆಗೆಸುವುದಿಲ್ಲ. ಒಳಗಿನವರು ನಿಲ್ಲಿಸು ಎನ್ನದಂತೆ ಅವರ ನಾಲಿಗೆಗೂ ಬೀಗ ಹಾಕಿದ್ದಾನೆ.

ನಿಲ್ದಾಣದ ಬಾಗಿಲಲ್ಲಿ ಕಬ್ಬಿಣದ ಗೂಳಿಯೊಂದು ಬಂದವರನ್ನೆಲ್ಲ ಕೊಂಬಿನಿಂದೆತ್ತಿ ಎಸೆಯುತ್ತಿತ್ತು. ಬಸಲಿಂಗ ಅದರ ಕೊರಳಡಿ ಕೈಹಾಕಿ ಗಂಗೆದೊಗಲು ತುರಿಸಿದ. ಗೂಳಿ ಕಣ್ಣು ಮುಚ್ಚಿ ದಾರಿ ಬಿಟ್ಟಿತು. ನಂಬಿಕೆಯಿಲ್ಲದಿದ್ದರೆ ಗೂಳಿಯನ್ನೇ ಕೇಳಿ.

ಮುಂದೆ ಮಾಯದ ಮೆಟ್ಟಿಲು. ಒಂದು ಹತ್ತಿದರೆ ಎರಡು ಕೆಳಗಿಳಿಸುತ್ತಿತ್ತು. ಬಸಲಿಂಗ ಸ್ವಲ್ಪ ಹೊತ್ತು ನೋಡಿ, ನನಗೆ ಮೇಲೆ ಕೆಲಸವೇ ಇಲ್ಲ ಎಂದು ಹೇಳಿ ಬೆನ್ನು ತಿರುಗಿಸಿ ಇಳಿಯತೊಡಗಿದ. ಹಟಮಾರಿ ಮೆಟ್ಟಿಲು ಅವನನ್ನು ಹೊತ್ತು ಮೇಲೆ ತಂದು ಬಿಟ್ಟಿತು.

ಮೂರನೆಯದೇ ಕಷ್ಟದ್ದು. ರೈಲು ಬಂತು, ನಿಲ್ಲಲಿಲ್ಲ. ಕಿಟಕಿಯಲ್ಲಿ ನೀಲವ್ವನ ಮುಖ ಕಂಡಿತು. ಬಾಯಿ ತೆರೆದಳು, ದನಿ ಬರಲಿಲ್ಲ. ಆಗಲೇ ಧೂಮಕೇಶ ತನ್ನ ಮೂರು ಮಾರುದ್ದದ ಮೀಸೆ ತಿರುವಲು ಎದ್ದು ನಿಂತ. ಮೀಸೆ ಅಷ್ಟುದ್ದವಿದ್ದರೆ ಕೂತು ತಿರುವಲಾಗುತ್ತದೆಯೇ? ಬಸಲಿಂಗ ಯೋಚಿಸಲೂ ಇಲ್ಲ. ಊರಲ್ಲಿ ಸಂತೆಯ ಬಸ್ಸು ಕಂಡಾಗ ಮಾಡುವುದನ್ನೇ ಮಾಡಿದ. ಕಿಟಕಿಯೊಳಗೆ ಟವೆಲ್ ಬೀಸಿ ಒಗೆದ. ಅದು ಮುಂದಿನ ಸೀಟಿನ ಮೇಲೆ ನೆಟ್ಟಗೆ ಬಿತ್ತು.

ಸೀಟು ಹಿಡಿದವನು ಹೊರಗೆ ನಿಂತಿರುವಾಗ ರೈಲು ಮುಂದೆ ಹೋಗುವುದು ಹೇಗೆ? ನಿಂತಿತು. ಬಾಗಿಲು ತೆರೆಯಿತು.

"ಸರೀರಿ ಸಾಹೇಬ್ರ, ಅದು ನನ್ನ ಸೀಟು," ಎಂದ ಬಸಲಿಂಗ.

"ಮೂರ್ಖ, ನಾನು ಇಲ್ಲೇ ಕೂತಿದ್ದೆ."

"ಎದ್ದಿದ್ರಲ್ಲ."

ಧೂಮಕೇಶ ಟವೆಲ್ಲಿಗೆ ಕೈಹಾಕಿದ. ಅಷ್ಟೇ. ಮಂತ್ರ ಎಂಥದ್ದೇ ಇರಲಿ, ಸೀಟಿನ ಜಗಳ ನೋಡುತ್ತ ಸುಮ್ಮನಿರುವ ಜನ ಎಲ್ಲಿದ್ದಾರೆ? ಮೊದಲು ನೀಲವ್ವನ ನಾಲಿಗೆಯ ಬೀಗ ಮುರಿಯಿತು.

"ಟವೆಲ್ ಬಿದ್ದ ಮ್ಯಾಲೆ ಮುಗೀತು. ಬೇಕಾದ್ರ ಕಂಬಿ ಹಿಡ್ಕೊಂಡು ನಿಂದ್ರು."

ಅವಳ ಹಿಂದೆ ಇಡೀ ಡಬ್ಬಿಯೇ ಬಾಯಿ ಬಿಟ್ಟಿತು. ಹನ್ನೆರಡು ದಿನದ ಮಾತು ಒಮ್ಮೆಲೇ ಬಂದರೆ ಯಾವ ಮಾಂತ್ರಿಕ ತಡೆದಾನು? ಧೂಮಕೇಶ ಕರಗಿ ಕರಗಿ ಬರೀ ದನಿಯಾಗಿ ಚಾವಣಿ ಸೇರಿಕೊಂಡ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ಎಂದು ಇವತ್ತಿಗೂ ವಿನಯದಿಂದ ಹೇಳುತ್ತಿದ್ದಾನೆ.

ಬೇಗ ಇಳಿ, ಮನೆಯಲ್ಲಿ ಹಂದರ ಹಾಕಿದ್ದಾರೆ ಎಂದ ಬಸಲಿಂಗ. ನೀಲವ್ವ ಇಳಿಯಲಿಲ್ಲ.

"ಅಣ್ಣಾ, ಹನ್ನೆರಡು ದಿನ ನಿಂತೇ ಇದ್ದೆ. ಒಂದು ಸುತ್ತು ಕಿಟಕಿ ಪಕ್ಕ ಕೂಡ್ತೀನಿ."

ಅಣ್ಣ ಒಳಗೆ ಹತ್ತಿ, ಟವೆಲ್ ಎತ್ತಿಕೊಂಡು ಸೀಟು ಬಿಟ್ಟುಕೊಟ್ಟ. ತಂಗಿ ಕೂತು, ನಡೆ ಎಂದಳು, ರೈಲು ನಡೆಯಿತು. ಮರುದಿನ ಮದುವೆಯ ದಿಬ್ಬಣವೂ ಅದರಲ್ಲೇ ಬಂತು, ಕಿಟಕಿಗೊಂದು ಟವೆಲ್ ಬೀಸುತ್ತ. ಅವರೆಲ್ಲ ಈಗಲೂ ಅಲ್ಲಿ ಸುಖವಾಗಿ ಕೂತು ಹೋಗುತ್ತಿದ್ದಾರೆ. ನಾವಿಲ್ಲಿ ಇನ್ನೂ ನಿಂತೇ ಇದ್ದೇವೆ.